ಎರಡು ನೀಲಿಯ ನವಿಲು

ಐವತ್ತು ದಾಟಿದ ಹೆಂಗಸು ಸೊಂಟನೋವು ಹಿಡಿಸಿಕೊಂಡರೆ ಊರಿನವರಿಗೆ ಅರ್ಥವಾಗುತ್ತದೆ. ಜಪಮಾಲೆ ಹಿಡಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ನಾನು ಐವತ್ತೆರಡನೆಯ ವಯಸ್ಸಿನಲ್ಲಿ ಕಸೂತಿಯ ಸೂಜಿ ಹಿಡಿದೆ. ಸಾವಿರದ ಒಂಬೈನೂರ ಐವತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲದಲ್ಲಿ, ಬಂಟ್ವಾಳ ಪೇಟೆಯ ಯಾವ ವೈದ್ಯರಿಗೂ ಹೆಸರು ಗೊತ್ತಿಲ್ಲದ ಕಾಯಿಲೆ ಇದು.

"ಮಗಳಂದಿರ ಮದುವೆ ಆಯ್ತಲ್ಲ, ಇನ್ನು ಯಾರಿಗೆ ಹೊಲಿಯುವುದು?" ಎಂದು ನೆರೆಮನೆಯವರು ಕೇಳುತ್ತಿದ್ದರು. "ನನಗೆ" ಎಂದರೆ ನಗುತ್ತಿದ್ದರು. ಮುದುಕಿಯ ತಲೆಗೆ ಏನೋ ಆಗಿದೆ ಎಂದು ಆ ನಗೆಯ ಅರ್ಥ. ಕಡೆಗೆ "ಮೊಮ್ಮಗುವಿಗೆ" ಎನ್ನಲು ಕಲಿತೆ. ಆಗ ಎಲ್ಲರ ಮುಖವೂ ಸರಿಹೋಯಿತು. ನನ್ನ ಮೊಮ್ಮಗುವಿಗೆ ಆಗ ಇನ್ನೂ ಹಲ್ಲು ಬಂದಿರಲಿಲ್ಲ. ಅದಕ್ಕೆ ಹನ್ನೆರಡು ದಿಂಬಿನ ಚೀಲ ಏಕೆ ಬೇಕೆಂದು ಒಬ್ಬರೂ ಕೇಳಲಿಲ್ಲ.

ನನ್ನ ಗಂಡ ತಾಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಬೆಳಗ್ಗೆ ಕಾಫಿ ಕುಡಿದು ಜಗಲಿಯ ಆರಾಮ ಕುರ್ಚಿಯಲ್ಲಿ ಕುಳಿತರೆ ನಿನ್ನೆಯ ಪೇಪರನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತಿದ್ದರು. ಯಾವುದೋ ಊರಿನ ಯಾವುದೋ ಸೇತುವೆಗೆ ಕರೆದ ಟೆಂಡರನ್ನೂ ಬಿಡುತ್ತಿರಲಿಲ್ಲ. ಅದು ಕೆಲಸ. ನಾನು ಒಳಗೆ ಕಿಟಕಿಯ ಹತ್ತಿರ ಕುಳಿತು ಬಟ್ಟೆಯ ಮೇಲೆ ಮಲ್ಲಿಗೆ ಅರಳಿಸಿದರೆ ಅದು ಹೊತ್ತು ಕಳೆಯುವುದು. "ಕಣ್ಣು ಹೋಗ್ತದೆ ಮಾರಾಯ್ತಿ" ಎಂದು ದಿನಕ್ಕೊಮ್ಮೆ ಹೇಳುತ್ತಿದ್ದರು. ಅಡುಗೆಮನೆಯ ಹೊಗೆಯಲ್ಲಿ ಮೂವತ್ತು ವರ್ಷ ಇದೇ ಕಣ್ಣು ಉರಿದಾಗ ಅವರಿಗೆ ಇದರ ಚಿಂತೆ ಬಂದ ನೆನಪು ನನಗಿಲ್ಲ.

ನನಗೆ ಕಲಿಸಿದವರು ನಮ್ಮ ಓಣಿಯ ಕೊನೆಯಲ್ಲಿದ್ದ ಒಬ್ಬ ಬಾಯಮ್ಮ. ಕ್ರಿಸ್ತಿಯನ್ ಹೆಂಗಸರನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು. ಹುಡುಗಿಯರಿಗೆ ಹೊಲಿಗೆ ಕಲಿಸಿಯೇ ಬದುಕಿದವರು, ಮಾತು ಕಡಿಮೆ. ಅವರ ಜಗಲಿಯಲ್ಲಿ ಹದಿನಾಲ್ಕು ಹದಿನೈದರ ಹುಡುಗಿಯರ ಸಾಲಿನಲ್ಲಿ ನಾನೂ ಫ್ರೇಮು ಹಿಡಿದು ಕುಳಿತೆ. ಹುಡುಗಿಯರಿಗೆ ಒಂದು ವಾರ ಪುಕ್ಕಟೆ ಮನರಂಜನೆ. ಬಾಯಮ್ಮ ಹೊಲಿಗೆಯ ಮುಂಭಾಗ ನೋಡುತ್ತಲೇ ಇರಲಿಲ್ಲ. ಬಟ್ಟೆಯನ್ನು ತಿರುಗಿಸಿ ಹಿಂಭಾಗ ನೋಡಿ, ಅಲ್ಲಿ ದಾರ ಗಂಟುಗಂಟಾಗಿದ್ದರೆ ಬಿಚ್ಚಿ ಕೈಗೆ ಕೊಡುತ್ತಿದ್ದರು. ನನ್ನ ಮೊದಲ ಗುಲಾಬಿಯನ್ನು ಐದು ಸಲ ಬಿಚ್ಚಿದರು. ಆರನೆಯ ಸಲ ಏನೂ ಹೇಳದೆ ವಾಪಸು ಕೊಟ್ಟರು. ನಾನು ಮನೆಗೆ ಹಾರಿಕೊಂಡೇ ಬಂದೆ.

ನನಗೆ ಆಗುತ್ತಿದ್ದ ಸುಖ ಎಂಥದೆಂದು ಹೇಳದಿದ್ದರೆ ಈ ಕತೆಗೇ ಅರ್ಥವಿಲ್ಲ. ಮೂವತ್ತು ವರ್ಷ ನಾನು ಮಾಡಿದ ಕೆಲಸವೆಲ್ಲ ಸಂಜೆಯೊಳಗೆ ಕರಗಿ ಹೋಗುತ್ತಿತ್ತು. ಮಾಡಿದ ಅನ್ನ ಉಂಡು ಮುಗಿಯಿತು, ಒಗೆದ ಬಟ್ಟೆ ಮತ್ತೆ ಕೊಳೆಯಾಯಿತು, ಗುಡಿಸಿದ ಅಂಗಳಕ್ಕೆ ಮತ್ತೆ ಎಲೆ ಬಿತ್ತು. ಕಸೂತಿ ಹಾಗಲ್ಲ. ನಿನ್ನೆ ಹಾಕಿದ ಎಲೆ ಇವತ್ತೂ ಅಲ್ಲೇ ಇರುತ್ತದೆ. ಬೆಳಗ್ಗೆ ಎದ್ದು ಮೊದಲು ಅದು ಇದೆಯೇ ಎಂದು ನೋಡುತ್ತಿದ್ದೆ. ಮಧ್ಯೆ ಬೇಸರವಾದರೆ ಹಳೆಯ ಸೀರೆಗಳನ್ನೂ ಗಂಡನ ಸವೆದ ಪಂಚೆಗಳನ್ನೂ ಪದರ ಪದರವಾಗಿ ಹಾಸಿ, ಗೆರೆ ತಪ್ಪದಂತೆ ಸಣ್ಣ ಸಣ್ಣ ಹೊಲಿಗೆ ಹಾಕಿ ಹೊದಿಕೆ ಮಾಡುತ್ತಿದ್ದೆ. ಗಂಡ ಅದನ್ನು ಹೊದ್ದು ಮಲಗಿ, ಎದ್ದು, "ಇದು ಎಂತಕ್ಕೆ ಇಷ್ಟು ಹೊಲಿಗೆ?" ಎಂದು ಕೇಳುತ್ತಿದ್ದರು. ಕಂಬಳಿ ನೇಯ್ದವರನ್ನು ಹಾಗೆ ಕೇಳಿದ್ದು ನಾನು ಕೇಳಿಲ್ಲ.

ಇನ್ನು ನವಿಲು. ಕಪ್ಪು ಬಟ್ಟೆಯ ಮೇಲೆ, ಕೊಂಬೆಯಲ್ಲಿ ಕುಳಿತು ಹಿಂದೆ ತಿರುಗಿ ನೋಡುವ ನವಿಲು. ಬಾಯಮ್ಮನಿಂದ ಚಿತ್ರ ತಂದು, ಕಾಗದಕ್ಕೆ ಸೂಜಿಯಿಂದ ಸಾಲಾಗಿ ತೂತು ಹೊಡೆದು, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ ಬಟ್ಟೆಗೆ ಇಳಿಸಿದೆ. ಎಂಟು ತಿಂಗಳ ಕೆಲಸ. ಬಾಲ ಮುಗಿದು ಕುತ್ತಿಗೆ ಅರ್ಧ ಆಗುವಾಗ ನೇತ್ರಾವತಿಗೆ ನೆರೆ ಬಂತು. ಬಂಟ್ವಾಳದವರಿಗೆ ಅದೇನೂ ಹೊಸದಲ್ಲ, ವರ್ಷ ವರ್ಷ ಬರುವ ನೆಂಟ. ಗಂಡ ಕಚೇರಿಯ ಕಾಲದ ಹಳೆಯ ಕಾಗದದ ಕಟ್ಟುಗಳನ್ನು ಎದೆಗವಚಿಕೊಂಡು ಅಟ್ಟ ಹತ್ತಿದರು. ನಾನು ನವಿಲನ್ನು ಅವಚಿಕೊಂಡು ಹತ್ತಿದೆ. ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮುಡಿ ಕೆಳಗೇ ಉಳಿದದ್ದು ನಮ್ಮಿಬ್ಬರಿಗೂ ನೆನಪಾದದ್ದು ನೀರು ಇಳಿದ ಮೇಲೆ.

ದಾರ ತರುತ್ತಿದ್ದ ಅಂಗಡಿ ಹೊಳೆಯ ಬದಿಯಲ್ಲಿ. ನೀರು ಇಳಿದ ಮೇಲೆ ಹೋಗಿ ಕುತ್ತಿಗೆಯ ನೀಲಿ ಕೇಳಿದೆ. ಅಂಗಡಿಯವರು ಕೆಸರು ಬಳಿಯುತ್ತಿದ್ದರು. "ಅಮ್ಮ, ನಿಮ್ಮ ನೀಲಿ ಈಗ ಸಮುದ್ರ ಸೇರಿರಬೇಕು" ಎಂದರು. ಮಂಗಳೂರಿನಿಂದ ತರಿಸಿ ಕೊಡಿ ಎಂದೆ. ಎರಡು ತಿಂಗಳು ಕಾದೆ. ವಾರಕ್ಕೆರಡು ಸಲ ಅಂಗಡಿಗೆ ನಡೆದೆ. ಕಡೆಗೆ ಬಂತು. ಅದೇ ನಂಬರು, ಅದೇ ಚೀಟಿ, ಆದರೆ ಬಣ್ಣ ಕೂದಲೆಳೆಯಷ್ಟು ಬೇರೆ. ಹಾಗಾಗಿ ನನ್ನ ನವಿಲಿನ ಕುತ್ತಿಗೆ ಮೇಲೆ ಒಂದು ನೀಲಿ, ಕೆಳಗೆ ಇನ್ನೊಂದು ನೀಲಿ. ಬಿಚ್ಚಿದರೆ ಕಪ್ಪು ಬಟ್ಟೆಯಲ್ಲಿ ತೂತು ಉಳಿಯುತ್ತದೆಂದು ಬಿಚ್ಚಲಿಲ್ಲ. ನಾನೇ ತೋರಿಸುವವರೆಗೆ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ನಾನು ಬಂದವರಿಗೆಲ್ಲ ತೋರಿಸುತ್ತಿದ್ದೆ. ನೆರೆ, ಅಂಗಡಿ, ಎರಡು ತಿಂಗಳು, ಎಲ್ಲ ಕತೆ ಹೇಳದೆ ಕಾಫಿ ಕೊಡುತ್ತಿರಲಿಲ್ಲ.

ಅದಕ್ಕೆ ಕಟ್ಟು ಹಾಕಿಸಿ, ಗಾಜು ಕೂರಿಸಿ, ಜಗಲಿಯ ಗೋಡೆಗೆ ಏರಿಸಿ ಇನ್ನೂ ಹದಿನೈದು ದಿನವಾಗಿಲ್ಲ, ಮೂಡುಬಿದಿರೆ ಹತ್ತಿರದ ತೋಡಾರಿನಿಂದ ಅಕ್ಕ ಬಂದಳು.

ಅಕ್ಕನಿಗೆ ಒಬ್ಬಳು ಮಗಳು ಮದುವೆಗೆ ಉಳಿದಿದ್ದಳು. ಇಪ್ಪತ್ತಾರು ನಡೆಯುತ್ತಿತ್ತು. ನಮ್ಮಲ್ಲಿ ಆಗ ಇಪ್ಪತ್ತಕ್ಕೇ ತಾಯಂದಿರು ನಿದ್ದೆ ಬಿಡುತ್ತಿದ್ದರು. ಮೂರು ಕಡೆಯವರು ಬಂದು ನೋಡಿ, ಅವಲಕ್ಕಿ ತಿಂದು, ಕೈತೊಳೆದು ಹೋಗಿದ್ದರು. ಹುಡುಗಿ ಕೆಲಸಕ್ಕೆ ಗಟ್ಟಿ. ಮಾಡಿಗೆ ಹತ್ತಿ ಒಡೆದ ಹೆಂಚು ತಾನೇ ಬದಲಿಸುತ್ತಿದ್ದಳು, ಕರು ಹಾಕುವ ದನದ ಹತ್ತಿರ ತಾನೇ ನಿಲ್ಲುತ್ತಿದ್ದಳು. ಆದರೆ ಹೆಂಚಿಗೆ ಕಟ್ಟು ಹಾಕಿಸಿ ಗೋಡೆಗೆ ಏರಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಗೋಡೆಯಲ್ಲಿ ಇರಬೇಕಾದದ್ದು ಗಿಳಿ, ಹಂಸ, ಗುಲಾಬಿ ಹೂವಿನ ನಡುವೆ 'ಸುಸ್ವಾಗತ'. ಹುಡುಗಿ ಕಾಫಿ ತಂದಿಟ್ಟು ಒಳಗೆ ಓಡಿಬಿಡುತ್ತಾಳೆ, ಬಂದವರಿಗೆ ನೋಡಲು ಉಳಿಯುವುದು ಗೋಡೆ ಮಾತ್ರ. ಆದ್ದರಿಂದ ಗೋಡೆಯನ್ನು ನೋಡಿ ಹುಡುಗಿಯನ್ನು ಒಪ್ಪುವುದು. ಈ ಹುಡುಗಿಗೋ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ನಾನೇ ಒಮ್ಮೆ ಕಲಿಸಲು ಕೂತು, ಅರ್ಧ ಗಂಟೆಯಲ್ಲಿ ಅವಳ ಬೆರಳಿಗಿಂತ ನನ್ನ ತಲೆ ಹೆಚ್ಚು ನೋಯತೊಡಗಿ ಎದ್ದುಬಿಟ್ಟಿದ್ದೆ.

"ಒಂದು ದಿನಕ್ಕೆ ಕೊಡು. ಗೋಡೆ ಬೋಳು ಕಾಣ್ತದೆ" ಎಂದಳು ಅಕ್ಕ.

"ಬೋಳು ಗೋಡೆಗೆ ಸುಣ್ಣ ಹೊಡೆಸು."

"ನಿನಗೆಂತ, ನಿನ್ನ ಮಗಳಂದಿರದ್ದು ಆಯ್ತು."

ನಾನು ಕೇಳಿದೆ, "ಯಾರು ಮಾಡಿದ್ದು ಅಂತ ಹೇಳ್ತಿ?"

"ಅವರು ಕೇಳಿದರೆ ನೋಡುವ" ಎಂದು ಅಕ್ಕ ಆಗಲೇ ಗೋಡೆಯಿಂದ ಇಳಿಸತೊಡಗಿದ್ದಳು. ನನಗೆ ಹೊಟ್ಟೆ ಉರಿಯಿತು. ಎಂಟು ತಿಂಗಳು ಬೆನ್ನು ಬಾಗಿಸಿದವಳು ನಾನು, ಜಾಣೆ ಎನಿಸಿಕೊಳ್ಳುವವಳು ಸೂಜಿ ಮುಟ್ಟದವಳು. ಹೊಟ್ಟೆಯುರಿಯನ್ನು ಮುಚ್ಚಿಟ್ಟು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಕೊಟ್ಟೆ.

ಆ ಒಂದು ದಿನ ನಾಲ್ಕು ತಿಂಗಳಾಯಿತು. ಕಾರ್ಡು ಬರೆದೆ. "ಎಲ್ಲರೂ ಕ್ಷೇಮ. ನವಿಲೂ ಕ್ಷೇಮ" ಎಂದು ಉತ್ತರ ಬಂತು. ಇನ್ನೊಂದು ಬರೆದೆ. ಅದಕ್ಕೆ ಉತ್ತರವೇ ಇಲ್ಲ. ನನ್ನ ಜಗಲಿಯ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು, ಗಂಡ ಅದಕ್ಕೆ ತಮ್ಮ ಕೊಡೆ ನೇತು ಹಾಕತೊಡಗಿದ್ದರು. ಒಂದು ಬೆಳಗ್ಗೆ ಆ ಕೊಡೆ ನೋಡಿ ನನ್ನ ಮೈ ಉರಿದುಹೋಯಿತು. ಅದನ್ನೇ ತೆಗೆದುಕೊಂಡು ಮೂಡುಬಿದಿರೆಯ ಬಸ್ಸು ಹತ್ತಿದೆ.

ಮೂಡುಬಿದಿರೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ತೋಡಾರು ಮುಟ್ಟುವಾಗ ಗಂಟೆ ಹನ್ನೊಂದು. ಅಕ್ಕನ ಅಂಗಳ ಸಾರಿಸಿತ್ತು, ಚಾಪೆ ಹಾಸಿತ್ತು. ಅಕ್ಕ ನನ್ನನ್ನು ನೋಡಿ ಬಿಳಿಚಿಕೊಂಡಳು. ಬೆಳ್ತಂಗಡಿ ಕಡೆಯವರು ಹೆಣ್ಣು ನೋಡಲು ಹೊರಟು ದಾರಿಯಲ್ಲಿದ್ದಾರಂತೆ. ಹುಡುಗ ಶಾಲೆ ಮೇಸ್ಟ್ರು. ಅವನಿಗೆ ರಜೆ ಸಿಗದೆ ತಾಯಿಯೂ ಸೋದರಮಾವನೂ ಮಾತ್ರ ಬರುತ್ತಾರಂತೆ.

"ಇವತ್ತೊಂದು ದಿನ ನೀನು ಬಾಯಿ ಮುಚ್ಚಿ ಕೂತ್ಕೊಳ್ಬೇಕು" ಎಂದಳು. ಅಕ್ಕ ನನ್ನನ್ನು ಚಿಕ್ಕಂದಿನಿಂದ ಬಲ್ಲವಳು.

ಅಡುಗೆಮನೆಯಲ್ಲಿ ಹುಡುಗಿ ಸೀರೆ ಉಟ್ಟು, ರವೆಯ ಖಾರ ಸಜ್ಜಿಗೆ ಮಗುಚುತ್ತ ನಿಂತಿದ್ದಳು. ಬಂದವರ ಮುಂದೆ ಹೋಗಿ ನಿಲ್ಲುವುದೆಂದರೆ ಅವಳಿಗೆ ಆಗದು. ಹಿಂದೆ ಪ್ರತಿ ಸಲವೂ ಬಂದವರು ಹೋದ ಕೂಡಲೇ ಸೀರೆ ಬದಲಿಸಿ ಕೊಟ್ಟಿಗೆಗೆ ಹೋಗಿದ್ದಳಂತೆ. ಈ ಸಲ ಅವಳ ಮುಖ ಬೇರೆ ಇತ್ತು.

"ನೀನು ಹುಡುಗನನ್ನು ನೋಡಿದ್ದೀಯಾ?" ಎಂದು ಕೇಳಿದೆ.

"ಮೂಡುಬಿದಿರೆಯಲ್ಲಿ ಒಂದು ಮದುವೆಯಲ್ಲಿ. ಬಡಿಸ್ತಾ ಇದ್ದರು. ಬೊಬ್ಬೆ ಹಾಕದೆ ಬಡಿಸಿದರು." ಸಜ್ಜಿಗೆಯನ್ನು ಒಲೆಯಿಂದ ಇಳಿಸಿದಳು. "ಈ ಸಲ ಆದರೆ ಒಳ್ಳೆಯದಿತ್ತು ಚಿಕ್ಕಮ್ಮ."

ಅವಳ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ನವಿಲು ಕೇಳಲು ಬಂದವಳಿಗೆ ನಾಚಿಕೆಯಾಯಿತು. ಇವತ್ತು ನನ್ನ ನಾಲಿಗೆ ಕಡಿದು ಬಿದ್ದರೂ ಸರಿ, ಮಾತಾಡುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡೆ.

ಅವರು ಬಂದರು. ಬೆಲ್ಲ ನೀರು ಆಯಿತು. ಸೋದರಮಾವ ತೂಕದ ಮನುಷ್ಯ, ಗದ್ದೆಯ ಬೆಳೆ ವಿಚಾರಿಸಿ ಎಲೆಯಡಿಕೆ ಹಾಕಿಕೊಂಡು ಕಂಬಕ್ಕೆ ಒರಗಿದರು. ಹುಡುಗನ ತಾಯಿ ಸಣ್ಣ ದೇಹದ ಹೆಂಗಸು, ಕನ್ನಡಕ ಹಾಕಿದವರು. ಹುಡುಗಿ ಸಜ್ಜಿಗೆ, ಕಾಫಿ ತಂದಿಟ್ಟಳು. ಆ ತಾಯಿ ಅವಳನ್ನು ಅರ್ಧ ನಿಮಿಷ ನೋಡಿದರು. ಆಮೇಲೆ ಎದ್ದು ಗೋಡೆಯ ಹತ್ತಿರ ಹೋಗಿ ನವಿಲನ್ನು ಐದು ನಿಮಿಷ ನೋಡಿದರು.

"ಇದು ಹುಡುಗಿಯೇ ಮಾಡಿದ್ದಾ?"

"ಹೌದು, ಅವಳೇ" ಎಂದಳು ಅಕ್ಕ. ಬಾಗಿಲ ಹಿಂದೆ ನಿಂತ ಹುಡುಗಿ ತಲೆ ತಗ್ಗಿಸಿದಳು. ಅದನ್ನು ನಾಚಿಕೆ ಎಂದು ತಿಳಿದರೆ ಅವರ ತಪ್ಪಲ್ಲ.

"ಚಂದ ಉಂಟು" ಎಂದರು ಆ ತಾಯಿ. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. "ಆದರೆ ಇದನ್ನೇ ನಾವು ಹೋದ ತಿಂಗಳು ಪುತ್ತಿಗೆಯಲ್ಲಿ ಒಂದು ಮನೆಯಲ್ಲಿ ನೋಡಿದೆವಲ್ಲ."

ಪುತ್ತಿಗೆಗೆ ನನ್ನ ನವಿಲು ಹೋದದ್ದು ನನಗೇ ಗೊತ್ತಿರಲಿಲ್ಲ. ಅಕ್ಕನ ಕಡೆ ತಿರುಗಿದೆ. ಅಕ್ಕ ಮಾಡಿನ ಜಂತಿ ಎಣಿಸುತ್ತಿದ್ದಳು. ಆಮೇಲೆ ತಿಳಿದದ್ದು ಇಷ್ಟು: ಪುತ್ತಿಗೆಯ ಪರಿಚಯದವರು ತಮ್ಮ ಮಗಳನ್ನು ನೋಡಲು ಬರುವ ದಿನಕ್ಕೆ ಅಕ್ಕನಿಂದ ಅದನ್ನು ಎರವಲು ಕೊಂಡುಹೋಗಿದ್ದರು. ಬಂದ ಗಂಡಿನ ಕಡೆಯವರು ಯಾರೆಂದು ಅಕ್ಕ ಕೇಳಲಿಲ್ಲ, ಅವರು ಹೇಳಲಿಲ್ಲ. ನನ್ನ ನವಿಲು ನಾಲ್ಕು ತಿಂಗಳಲ್ಲಿ ಕಂಡಷ್ಟು ಊರು ನನ್ನ ಗಂಡ ಮೂವತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

"ಒಂದೇ ಚಿತ್ರ ನೋಡಿ ಇಬ್ಬರೂ ಹಾಕಿರಬಹುದು" ಎಂದಳು ಅಕ್ಕ.

"ಚಿತ್ರ ಒಂದೇ ಇರಬಹುದು. ಇಲ್ಲಿ ನೋಡಿ, ಕುತ್ತಿಗೆಯಲ್ಲಿ ನೀಲಿ ಬದಲಾಗಿದೆ. ಅಲ್ಲಿಯೂ ಇಲ್ಲಿಯೇ ಬದಲಾಗಿತ್ತು."

ನಾನೇ ತೋರಿಸದೆ ಅದನ್ನು ಕಂಡ ಮೊದಲ ಮನುಷ್ಯರು ಅವರು. ಬೇರೆ ದಿನವಾಗಿದ್ದರೆ ಅವರ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ.

ಅಕ್ಕ ಸೋಲುವವಳಲ್ಲ. "ಅದು ಹಾಗೆ. ಪುತ್ತಿಗೆಯ ಹುಡುಗಿ ಇವಳಿಂದಲೇ ಕಲಿತದ್ದು. ಇವಳು ಮಾಡಿದ ಹಾಗೆಯೇ ಮಾಡಿದ್ದಾಳೆ, ತಪ್ಪು ಸಮೇತ" ಎಂದಳು. ಇಷ್ಟು ಚುರುಕು ತಲೆ ಇಟ್ಟುಕೊಂಡು ಅಕ್ಕ ಕೋರ್ಟಿನಲ್ಲಿ ವಾದ ಮಾಡುವುದು ಬಿಟ್ಟು ತೋಡಾರಿನಲ್ಲಿ ಭತ್ತ ಒಣಗಿಸುತ್ತಿದ್ದಳು.

ಸೋದರಮಾವ ನಕ್ಕರು. "ಹಾಗಾದರೆ ಹುಡುಗಿ ಕಲಿಸುವುದಕ್ಕೂ ಆಗುವವಳು. ಮೇಸ್ಟ್ರಿಗೆ ಸರಿಯಾಯ್ತಲ್ಲ ಅಕ್ಕ" ಎಂದು ಹುಡುಗನ ತಾಯಿಗೆ ಹೇಳಿದರು. ಆ ತಾಯಿಯ ಮುಖವೂ ಸಡಿಲವಾಯಿತು. ನಂಬಿದರೋ, ನಂಬಿದರೆ ನಷ್ಟವಿಲ್ಲ ಎಂದುಕೊಂಡರೋ, ಅಂತೂ ಮಾತು ಆಗುವ ದಾರಿಗೆ ಬಂತು. ಹುಡುಗಿ ಬಾಗಿಲ ಹಿಂದಿನಿಂದ ಒಂದು ಹೆಜ್ಜೆ ಮುಂದೆ ಬಂದಿದ್ದಳು.

ಆ ತಾಯಿ ಅವಳ ಕಡೆ ತಿರುಗಿ ಒಳ್ಳೆಯ ದನಿಯಲ್ಲೇ ಹೇಳಿದರು: "ಕೈ ಒಳ್ಳೆಯದುಂಟು ಮಗಾ. ತಾಳ್ಮೆ ಮಾತ್ರ ಸಾಲದು. ದಾರ ಮುಗಿದಾಗ ಅದೇ ಬಣ್ಣ ಸಿಗುವವರೆಗೆ ಕಾಯಬೇಕಿತ್ತು. ಸಿಕ್ಕಿದ್ದು ಹಾಕಿ ಮುಗಿಸಿದ್ದು ಕಾಣ್ತದೆ. ಮಾಡಿದವರ ಸ್ವಭಾವ ಇಂಥದ್ದರಲ್ಲಿ ಗೊತ್ತಾಗ್ತದೆ."

ಎರಡು ತಿಂಗಳು ಅಂಗಡಿಯ ಮೆಟ್ಟಿಲು ಸವೆಸಿದವಳು ನಾನು. ಗುಲಾಬಿಯನ್ನು ಆರು ಸಲ ಹಾಕಿದವಳು ನಾನು. ನನಗೆ ತಾಳ್ಮೆ ಇಲ್ಲವಂತೆ. ಜನ್ಮದಲ್ಲಿ ನನ್ನ ಬಾಯಿ ಅಷ್ಟು ತುರಿಸಿದ್ದಿಲ್ಲ. ಅಕ್ಕ ಸೆರಗಿನ ಅಡಿಯಿಂದ ನನ್ನ ತೊಡೆ ಚಿವುಟಿ ಹಿಡಿದಿದ್ದಳು. ನಾನು ಹಲ್ಲು ಕಚ್ಚಿ, ಸಜ್ಜಿಗೆಯ ತಟ್ಟೆಯಲ್ಲಿದ್ದ ಸಾಸಿವೆ ಕಾಳುಗಳನ್ನು ನೋಡುತ್ತ ಕುಳಿತೆ. ಹುಡುಗಿ "ಹೂಂ, ಇನ್ನು ಮುಂದೆ ಕಾಯ್ತೇನೆ" ಎಂದರೆ ಸಾಕಿತ್ತು. ಮಾತು ಕೂಡ ಬೇಡ, ತಲೆ ಆಡಿಸಿದರೆ ಸಾಕಿತ್ತು.

"ಅದು ನಾನು ಮಾಡಿದ್ದಲ್ಲ" ಎಂದಳು ಹುಡುಗಿ.

ಚಿವುಟುತ್ತಿದ್ದ ಅಕ್ಕನ ಕೈ ಸಡಿಲವಾಯಿತು.

"ನನಗೆ ಹೊಲಿಗೆ ಬರುವುದಿಲ್ಲ. ಅದು ಚಿಕ್ಕಮ್ಮ ಮಾಡಿದ್ದು, ಇಲ್ಲಿ ಕೂತಿದ್ದಾರಲ್ಲ, ಇವರು. ಬಂಟ್ವಾಳದಲ್ಲಿ ನೆರೆಗೆ ಅಂಗಡಿಯ ದಾರ ಎಲ್ಲ ಹೋಯಿತು. ಎರಡು ತಿಂಗಳು ಕಾದು ಅದೇ ನಂಬರಿನದ್ದು ತರಿಸಿದ್ದಾರೆ. ಬಣ್ಣ ಬೇರೆ ಬಂದರೆ ಅವರು ಎಂತ ಮಾಡುದು? ತಾಳ್ಮೆ ಇಲ್ಲ ಅಂತ ಹೇಳಬೇಡಿ."

ಸೋದರಮಾವ ಎಲೆಯಡಿಕೆ ಉಗಿಯಲು ಅಂಗಳದ ಬದಿಗೆ ಹೋದವರು ಮರಳಿ ಬಂದು ಕೂರಲಿಲ್ಲ. "ನಾವು ತಿಳಿಸ್ತೇವೆ" ಎಂದರು. ಹೆಣ್ಣು ಹೆತ್ತವರಿಗೆ ಆ ಮಾತಿನ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ತಾಯಿ ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು ನನ್ನನ್ನು ಒಮ್ಮೆ, ಗೋಡೆಯ ನವಿಲನ್ನು ಒಮ್ಮೆ ನೋಡಿ ಹೋದರು. ಜಾತಕ ಕೂಡಿ ಬರಲಿಲ್ಲ ಎಂದು ವಾರದೊಳಗೆ ಕಾರ್ಡು ಬಂತು. ನವಿಲಿಗೂ ಜಾತಕ ಇರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಕ್ಕ ಅಡುಗೆಮನೆಯಲ್ಲಿ ಕುಳಿತು ಅತ್ತಳು. ಮಗಳಿಗೆ ಬೈದಳು, ನನಗೆ ಬೈದಳು, ಆ ನೀಲಿ ದಾರ ಮಾಡಿದವನಿಗೂ ಬೈದಳು. ಹುಡುಗಿ ಹಿತ್ತಿಲ ಬಾಗಿಲಲ್ಲಿ ನಿಂತು ಪಾತ್ರೆ ತೊಳೆಯುತ್ತಿದ್ದಳು. ಈ ಸಲ ಸೀರೆ ಬದಲಿಸಿರಲಿಲ್ಲ. ನಾನು ಹತ್ತಿರ ಹೋದೆ.

"ಎಂತಕ್ಕೆ ಹೇಳಿದೆ ನೀನು? ಆಗುವ ಕೆಲಸ ಆಗಿತ್ತಲ್ಲ."

"ಎರಡು ತಿಂಗಳು ಕಾದದ್ದು ಅಂತ ನೀವು ಎಷ್ಟು ಸಲ ಹೇಳಿದ್ದೀರಿ. ನನಗೆ ಗೊತ್ತುಂಟಲ್ಲ" ಎಂದಳು. ಕೈಯ ತಟ್ಟೆಯನ್ನು ತಿಕ್ಕಿದಲ್ಲೇ ತಿಕ್ಕುತ್ತ, "ಅವರು ಒಳ್ಳೆಯವರೇ ಇದ್ದರು, ಅಲ್ವಾ?" ಎಂದಳು. ಯಾರು ಒಳ್ಳೆಯವರು ಎಂದು ನಾನು ಕೇಳಲಿಲ್ಲ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಗಳಿಗೆಯಲ್ಲಿ ನನಗೆ ಆದದ್ದು ಸಂತೋಷ. ದುಃಖ ಆಮೇಲೆ ಬಂತು, ಬಹಳ ಬಂತು. ಆದರೆ ಮೊದಲು ಬಂದದ್ದು ಸಂತೋಷವೇ. ಗಂಡ, ನೆರೆಮನೆಯವರು, ಹೊಟ್ಟೆಯಲ್ಲಿ ಹುಟ್ಟಿದ ಮಗಳಂದಿರು, ಇವರಲ್ಲಿ ಒಬ್ಬರೂ ನಾಲ್ಕು ಜನರ ಮುಂದೆ ಇದು ಇವಳು ಮಾಡಿದ್ದು ಎಂದು ಹೇಳಿರಲಿಲ್ಲ. ಹೇಳಿದವಳು ಇವಳು, ಹೇಳಿ ತನ್ನ ಮದುವೆ ಕಳೆದುಕೊಂಡವಳು. ಅವಳ ಒದ್ದೆ ಕೈಗಳನ್ನು ಹಿಡಿದುಕೊಂಡು ನಾನು ಸಂತೋಷಪಟ್ಟೆ. ಇಷ್ಟು ವರ್ಷವಾದರೂ ಅದನ್ನು ನೆನೆದರೆ ಮುಖ ಎತ್ತಲಾಗುವುದಿಲ್ಲ.

"ತಕ್ಕೊಂಡು ಹೋಗು, ಇನ್ನು ಅದು ಇಲ್ಲಿ ಎಂತಕ್ಕೆ" ಎಂದಳು ಅಕ್ಕ. ನವಿಲನ್ನು ಅದೇ ಬೆಡ್‌ಶೀಟಿನಲ್ಲಿ ಸುತ್ತಿ ಮೂರು ಗಂಟೆಯ ಬಸ್ಸು ಹತ್ತಿದೆ. ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿದಾಗ ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ಕುಳಿತರು. ಸುಮಾರು ನನ್ನದೇ ಪ್ರಾಯ. ಬಸ್ಸು ಹೊಂಡಕ್ಕೆ ಬಿದ್ದು ಎತ್ತಿ ಹಾಕಿದಾಗ ನನ್ನ ತೊಡೆಯ ಮೇಲಿನ ಕಟ್ಟಿನಿಂದ ಬೆಡ್‌ಶೀಟು ಸರಿಯಿತು. ಅವರು ಬಗ್ಗಿ ನೋಡಿದರು, ಇನ್ನಷ್ಟು ಸರಿಸಿ ನೋಡಿದರು.

"ಅಬ್ಬಾ, ಎಷ್ಟು ಚಂದ ಉಂಟು. ಯಾರು ಮಾಡಿದ್ದು?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಯಾರಿಗೆ ಎಂದು ಕೇಳುತ್ತಿದ್ದರು, ಎಂತಕ್ಕೆ ಎಂದು ಕೇಳುತ್ತಿದ್ದರು. ಹೇಳಲು ಬಾಯಿ ತೆರೆದೆ. ಆಗ ಅವರ ತೊಡೆಯ ಮೇಲೆ ಗಂಡಸರ ಅಂಗಿ ಬಟ್ಟೆಯ ಪೊಟ್ಟಣ ಕಂಡಿತು.

"ಮಗನಿಗಾ?" ಎಂದು ಕೇಳಿದೆ.

"ಹೌದು. ಅಂಚೆ ಕಚೇರಿಯಲ್ಲಿ ಇದ್ದಾನೆ. ಇನ್ನೂ ಒಂದು ಕಡೆ ಕೂಡಿ ಬರಲಿಲ್ಲ."

"ಇದು ನನ್ನ ಅಕ್ಕನ ಮಗಳು ಮಾಡಿದ್ದು, ತೋಡಾರಿನಲ್ಲಿ" ಎಂದೆ. "ಒಳ್ಳೆಯ ಹುಡುಗಿ. ಒಂದು ಸುಳ್ಳು ಹೇಳಲಿಕ್ಕೆ ಬರುವುದಿಲ್ಲ."